ಹಡಗಿನಲ್ಲಿ ಕಳೆದ ಹೊತ್ತು ಯಾರ ಲೆಕ್ಕಕ್ಕೆ?

ಜರ್ಮನಿಯ ಪುಟ್‌ಗಾರ್ಡನ್ ಬಂದರಿನಿಂದ ಹೊರಟ ಫೆರಿ ಹಡಗು ಡೆನ್ಮಾರ್ಕಿನ ರೋಡ್‌ಬಿ ತಲುಪಲು 45 ನಿಮಿಷ ಬೇಕು. ಲಾರಿ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಕಡ್ಡಾಯವಾಗಿ ತೆಗೆದುಕೊಳ್ಳಬೇಕೆಂದು ಯುರೋಪ್ ಒಕ್ಕೂಟದ ಕಾನೂನು ಹೇಳುವ ಬಿಡುವೂ 45 ನಿಮಿಷ. ಈ ಎರಡು ಅಂಕಿಗಳು ಕೂಡಿಬಂದದ್ದು ಆಕಸ್ಮಿಕ. ಆದರೂ ಹ್ಯಾಂಬರ್ಗಿನಿಂದ ಕೋಪನ್‌ಹೇಗನ್ನಿಗೆ ಸರಕು ಕಳಿಸುವ ಕಚೇರಿಯಲ್ಲಿ ಕುಳಿತು ಚಾಲಕರ ಪಾಳಿ ಹೊಂದಿಸುವವರಿಗೆ ಇದಕ್ಕಿಂತ ಅನುಕೂಲವಾದ ಕೂಡಿಕೆ ಸಿಗಲಾರದು. ಲಾರಿ ಒಂದು ಕ್ಷಣವೂ ನಿಲ್ಲದೆ ಊರು ಸೇರುವತ್ತ ಸಾಗುತ್ತಿರುತ್ತದೆ, ಚಾಲಕನ ಬಿಡುವೂ ಮುಗಿದಿರುತ್ತದೆ. ಒಂದೇ ಮುಕ್ಕಾಲು ಗಂಟೆಯನ್ನು ಮಾಲೀಕ ತನ್ನ ಪುಸ್ತಕದಲ್ಲಿ ಪ್ರಯಾಣವೆಂದು ಬರೆದುಕೊಳ್ಳುತ್ತಾನೆ, ಕಾನೂನು ವಿಶ್ರಾಂತಿಯೆಂದು ಬರೆದುಕೊಳ್ಳುತ್ತದೆ. ಆ ಹೊತ್ತನ್ನು ನಿಜವಾಗಿ ಕಳೆದವನಿಗೆ ಅದು ಏನಾಗಿತ್ತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಕಾನೂನು ಎಂಟು ದಶಕಗಳಿಂದ ತಡವರಿಸಿಕೊಂಡು ಬಂದಿದೆ. ಆ ತಡವರಿಕೆಯ ಚರಿತ್ರೆಯನ್ನು ಓದಿದರೆ ನನಗೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಗಂಟೆಗಳನ್ನು ಎಷ್ಟೇ ಜಾಣ್ಮೆಯಿಂದ ಎಣಿಸಿದರೂ ಅದರಿಂದ ವಿಶ್ರಾಂತಿ ಹುಟ್ಟುವುದಿಲ್ಲ. ಅದಕ್ಕೊಂದು ಜಾಗ ಬೇಕು. ಅದನ್ನು ಕಾನೂನಿಗೆ ಮೊದಲು ಕಲಿಸಿದ್ದು ಹೆದ್ದಾರಿಯಲ್ಲ, ಫೆರಿ.

ಚಾಲಕರ ದುಡಿಮೆಗೆ ಮಿತಿ ಹಾಕಿದ ಮೊದಲ ಕಾನೂನುಗಳಿಗೆ ಗೊತ್ತಿದ್ದದ್ದು ಗಡಿಯಾರವೊಂದೇ. ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆ ಒಂದೇ ಸಮನೆ ಐದೂವರೆ ಗಂಟೆಗಿಂತ ಹೆಚ್ಚು ಓಡಿಸಬಾರದು, ದಿನದಲ್ಲಿ 11 ಗಂಟೆ ಮೀರಬಾರದು, ನಡುವೆ ಸತತ 10 ಗಂಟೆ ವಿಶ್ರಾಂತಿ ಇರಬೇಕು ಎಂದಿತು. ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯ್ದೆಯೂ ಅದೇ ಜಾಡಿನದು: ಐದು ಗಂಟೆ ಓಡಿಸಿದರೆ ಅರ್ಧ ಗಂಟೆ ಬಿಡುವು, ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆ. ಅದೇ ವರ್ಷ ಜೂನ್‌ನಲ್ಲಿ, ಮಹಾಯುದ್ಧ ಶುರುವಾಗುವುದಕ್ಕೆ ಎರಡೇ ತಿಂಗಳ ಮುಂಚೆ, ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ರಸ್ತೆ ಸಾರಿಗೆಗೆಂದೇ ತನ್ನ 67ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಅದನ್ನು ಒಪ್ಪಿಕೊಂಡ ದೇಶಗಳು ಬೆರಳೆಣಿಕೆಯಷ್ಟು. ಆದರೂ ಅದರಲ್ಲಿ ಬಲು ಮುಖ್ಯವಾದ ಒಂದು ಮಾತಿತ್ತು. ದುಡಿಮೆಯ ಅವಧಿಯೆಂದರೆ ಸ್ಟೇರಿಂಗ್ ಹಿಡಿದ ಹೊತ್ತು ಮಾತ್ರವಲ್ಲ, ಚಾಲಕ ಮಾಲೀಕನ ಕರೆಗೆ ಸಿಗುವಂತಿರುವ ಹೊತ್ತೆಲ್ಲವೂ ದುಡಿಮೆಯೇ ಎಂದು ಅದು ಹೇಳಿತು. ಕೈಯಲ್ಲಿ ಕೆಲಸವಿಲ್ಲದೆ, ಕರೆದರೆ ಓಗೊಡಲೆಂದು ಸುಮ್ಮನೆ ಹಾಜರಿರುವ ಹೊತ್ತನ್ನೂ ಬೇರೆಯೇ ಹೆಸರಿಟ್ಟು ದುಡಿಮೆಯೊಳಗೆ ಸೇರಿಸಿತು. ಈ ಮಾತು 22 ವರ್ಷಗಳ ನಂತರ ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಗೆ ಬಂತು. ಬರುವಾಗ ಸೊರಗಿ ಬಂತು. ನಮ್ಮ ಕಾಯ್ದೆಯ ಪಟ್ಟಿಯಲ್ಲಿ ದುಡಿಮೆಯೆಂದು ಹೆಸರಿಸಿ ಸೇರಿಸಿದ್ದು ನಿಲ್ದಾಣಗಳಲ್ಲಿ 15 ನಿಮಿಷಕ್ಕಿಂತ ಕಡಿಮೆ ಹೊತ್ತು ಸುಮ್ಮನೆ ಹಾಜರಿದ್ದುದನ್ನು ಮಾತ್ರ. ಅದಕ್ಕಿಂತ ಉದ್ದದ ಕಾಯುವಿಕೆಯ ವಿಷಯದಲ್ಲಿ ಆ ಪಟ್ಟಿ ಬಾಯಿ ಬಿಡಲಿಲ್ಲ. ಲಾರಿ ಬದುಕನ್ನು ಬಲ್ಲವರಿಗೆ ಗೊತ್ತು, ಚಾಲಕನ ಆಯುಷ್ಯವನ್ನು ತಿನ್ನುವುದು ಆ ಉದ್ದದ ಕಾಯುವಿಕೆಯೇ.

ಫೆರಿಯ ಪ್ರಶ್ನೆ ಈ ಕಾನೂನುಗಳಿಗೆ ಎದುರಾಗದಿರಲು ಕಾರಣವಿತ್ತು. ಆ ಕಾಲದಲ್ಲಿ ಸಮುದ್ರ ದಾಟುವಾಗ ಸರಕು ಲಾರಿಯಿಂದ ಇಳಿಯುತ್ತಿತ್ತು. ಬಂದರಿನಲ್ಲಿ ಹಮಾಲರು ಅದನ್ನು ಹಡಗಿಗೆ ಹೇರುತ್ತಿದ್ದರು, ಆಚೆ ದಡದಲ್ಲಿ ಬೇರೆ ಹಮಾಲರು ಇಳಿಸಿ ಬೇರೊಂದು ಲಾರಿಗೆ ತುಂಬುತ್ತಿದ್ದರು. ಚಾಲಕನ ದಾರಿ ನೀರಿನ ಅಂಚಿಗೆ ಮುಗಿಯುತ್ತಿತ್ತು. ಇದನ್ನು ಬದಲಿಸಿದ್ದು ಯುದ್ಧ. ಟ್ಯಾಂಕುಗಳನ್ನು ನೇರವಾಗಿ ಮರಳ ದಂಡೆಗೆ ಇಳಿಸಲೆಂದು ಕಟ್ಟಿದ, ಮೂತಿಯಲ್ಲಿ ಬಾಗಿಲಿದ್ದ ಹಡಗುಗಳು ಯುದ್ಧ ಮುಗಿದಾಗ ಕೆಲಸವಿಲ್ಲದೆ ನಿಂತವು. ಲೆಫ್ಟಿನೆಂಟ್ ಕರ್ನಲ್ ಫ್ರಾಂಕ್ ಬಸ್ಟರ್ಡ್ ಅಂಥ ಮೂರು ಹಡಗುಗಳನ್ನು ನೌಕಾಪಡೆಯಿಂದ ಬಾಡಿಗೆಗೆ ಪಡೆದು 1946ರ ಸೆಪ್ಟೆಂಬರ್‌ನಲ್ಲಿ ಲಂಡನ್ ಬಳಿಯ ಟಿಲ್ಬರಿಯಿಂದ ರಾಟರ್‌ಡ್ಯಾಮಿಗೆ ವಾಹನ ಸಾಗಿಸಲು ತೊಡಗಿದರು. 1948ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್‌ನಿಂದ ಉತ್ತರ ಐರ್ಲೆಂಡಿನ ಲಾರ್ನ್‌ಗೆ ಎರಡನೇ ದಾರಿ ಶುರುವಾಯಿತು. 1953ರಲ್ಲಿ ಡೋವರ್ ಬಂದರಿನಲ್ಲಿ ವಾಹನಗಳು ನೇರ ಹಡಗಿನೊಳಕ್ಕೆ ಓಡುವಂತೆ ಇಳಿಜಾರು ಸೇತುಗಳನ್ನು ಕಟ್ಟಿದರು. ತುಂಬಿದ ಲಾರಿ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿದು ಓಡುವುದು ಸಾಧ್ಯವಾದ ಮೇಲೆ ಹಮಾಲಿಯ ಖರ್ಚೂ ದಿನಗಳೂ ಉಳಿದವು. ಚಾಲಕನೂ ಲಾರಿಯ ಜೊತೆಗೇ ಸಮುದ್ರ ದಾಟತೊಡಗಿದ. ಓಡಿಸದೆಯೂ ಪ್ರಯಾಣಿಸುವ, ಆದರೆ ಪ್ರಯಾಣಿಕನೂ ಅಲ್ಲದ ಹೊಸದೊಂದು ಸ್ಥಿತಿ ಅವನದಾಯಿತು. ಗಡಿಯಾರವನ್ನಷ್ಟೇ ಬಲ್ಲ ಕಾನೂನಿನ ಬಳಿ ಆ ಸ್ಥಿತಿಗೆ ಹೆಸರಿರಲಿಲ್ಲ.

ಯುರೋಪಿನ ಆರು ದೇಶಗಳ ಆಗಿನ ಆರ್ಥಿಕ ಸಮುದಾಯ 1969ರಲ್ಲಿ ಚಾಲಕರ ಹೊತ್ತಿನ ಬಗ್ಗೆ ತನ್ನ ಮೊದಲ ಸಾಮಾನ್ಯ ನಿಯಮ ತಂದಿತು, ಮರುವರ್ಷವೇ ಟ್ಯಾಕೋಗ್ರಾಫ್ ಯಂತ್ರದ ನಿಯಮವನ್ನು. ದುಂಡನೆಯ ಕಾಗದದ ತಟ್ಟೆಯ ಮೇಲೆ ಲಾರಿಯ ವೇಗ, ದೂರ, ಚಾಲಕನ ಹೊತ್ತು ಎಲ್ಲವನ್ನೂ ಸೂಜಿಯಿಂದ ಗೀರುವ ಆ ಯಂತ್ರವನ್ನು ಬ್ರಿಟನ್ನಿನ ಚಾಲಕರು ಕ್ಯಾಬಿನ್ನಿನೊಳಗಿನ ಗೂಢಚಾರನೆಂದು ಕರೆದು ವಿರೋಧಿಸಿದರು. ಅವರ ಸರ್ಕಾರವೂ ಅದನ್ನು ಕಡ್ಡಾಯ ಮಾಡಲು ಹಿಂಜರಿದು, ಯುರೋಪಿನ ನ್ಯಾಯಾಲಯದಲ್ಲಿ 1979ರ ಫೆಬ್ರುವರಿಯಲ್ಲಿ ಸೋತ ಮೇಲೆಯೇ ಮಣಿಯಿತು. ನನಗೆ ಆ ಯಂತ್ರದಲ್ಲಿ ಗಮನಾರ್ಹವಾಗಿ ಕಾಣುವುದು ಅದರ ಚಿಕ್ಕ ಚಿತ್ರಗಳು. ಓಡಿಸುತ್ತಿದ್ದರೆ ಚಕ್ರ, ಬೇರೆ ಕೆಲಸವಿದ್ದರೆ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ, ಕಾಯುತ್ತಿದ್ದರೆ ಅಡ್ಡಗೆರೆ ಎಳೆದ ಚೌಕ, ವಿಶ್ರಾಂತಿಗೆ ಮಂಚ. ಯಂತ್ರ ಮಾಡಿದವರು ವಿಶ್ರಾಂತಿಗೆ ಮಂಚದ ಚಿತ್ರ ಬರೆದರು, ಆದರೆ ಆ ಗುಂಡಿ ತಿರುಗಿಸಿದ ಚಾಲಕನ ಬೆನ್ನ ಕೆಳಗೆ ನಿಜವಾಗಿ ಮಂಚವಿದೆಯೇ ಎಂದು ಯಂತ್ರ ಕೇಳುವುದಿಲ್ಲ. ಅದನ್ನು ಕೇಳಿದ್ದು ಫೆರಿಯ ನಿಯಮ. 1979ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 153ನೇ ಒಡಂಬಡಿಕೆ ಸತತ 10 ಗಂಟೆಯ ದೈನಿಕ ವಿಶ್ರಾಂತಿ ಬೇಕೆಂದು ಹೇಳುತ್ತಲೇ ಫೆರಿ ಮತ್ತು ರೈಲಿನ ಮೇಲೆ ಸಾಗುವ ಲಾರಿಗಳಿಗೆ ದೇಶಗಳು ವಿನಾಯಿತಿ ಕೊಡಬಹುದೆಂದಿತು. ಜೊತೆಗೆ, ವಾಹನ ಸುರಕ್ಷಿತವಾಗಿರಲು ಬೇಕಾದುದನ್ನು ಚಾಲಕ ಮಾಡಿದ್ದರೆ ವಿಶ್ರಾಂತಿಯ ವೇಳೆ ಅವನು ಲಾರಿಯೊಳಗೋ ಲಾರಿಯ ಬಳಿಯಲ್ಲೋ ಇರಲೇಬೇಕೆಂದು ಒತ್ತಾಯಿಸಕೂಡದು ಎಂದೂ ಹೇಳಿತು. 1985ರ ಡಿಸೆಂಬರ್‌ನಲ್ಲಿ ಬಂದ ಯುರೋಪಿನ 3820ನೇ ನಿಯಮ ತನ್ನ 9ನೇ ವಿಧಿಯಲ್ಲಿ ಲೆಕ್ಕವನ್ನು ಬಿಡಿಸಿ ಬರೆಯಿತು. ಲಾರಿಯ ಜೊತೆ ಫೆರಿಯಲ್ಲೋ ರೈಲಿನಲ್ಲೋ ಸಾಗುವ ಚಾಲಕನ ದೈನಿಕ ವಿಶ್ರಾಂತಿಯನ್ನು ಒಮ್ಮೆ ಮಾತ್ರ ಮುರಿಯಬಹುದು. ಒಂದು ತುಂಡು ನೆಲದ ಮೇಲೆ, ಇನ್ನೊಂದು ಹಡಗಿನಲ್ಲಿ. ನಡುವಿನ ಅಂತರ ಆದಷ್ಟು ಕಿರಿದಾಗಿರಬೇಕು, ಯಾವ ಕಾರಣಕ್ಕೂ ಒಂದು ಗಂಟೆ ಮೀರಬಾರದು. ಎರಡೂ ತುಂಡುಗಳಲ್ಲಿ ಚಾಲಕನಿಗೆ ಮಲಗಲು ಬರ್ತ್ ಸಿಗಬೇಕು. ಹೀಗೆ ಮುರಿದ ವಿಶ್ರಾಂತಿಗೆ ಎರಡು ಗಂಟೆ ಹೆಚ್ಚುವರಿ ಸೇರಿಸಬೇಕು. ಈ ಕೊನೆಯ ಎರಡು ಷರತ್ತುಗಳಲ್ಲಿ ಮನುಷ್ಯನ ಮೈಯನ್ನು ಬಲ್ಲವರ ಕೈ ಕಾಣುತ್ತದೆ. ನಿದ್ದೆಯನ್ನು ಎರಡು ತುಂಡು ಮಾಡಿ ಜೋಡಿಸಿದರೆ ಅದು ಒಂದು ನಿದ್ದೆಗೆ ಸಮನಾಗದು, ಎದ್ದು ಓಡಾಡಿ ಮತ್ತೆ ಮಲಗಿದವನ ಕಣ್ಣಿಗೆ ಕಣ್ಣು ಹತ್ತಲು ಹೊತ್ತು ಬೇಕು ಎಂಬುದನ್ನು ಕಾನೂನು ಆ ಎರಡು ಗಂಟೆಗಳ ಮೂಲಕ ಒಪ್ಪಿಕೊಂಡಿತ್ತು.

ಅದೇ ವಿಧಿಯಲ್ಲಿ ಒಂದು ಕಠಿಣ ಮಾತೂ ಇತ್ತು: ಆ ಒಂದು ಗಂಟೆಯೊಳಗೆ ಸುಂಕದ ತಪಾಸಣೆಯೂ ಮುಗಿಯಬೇಕು. 1980ರ ದಶಕದ ಯುರೋಪಿನಲ್ಲಿ ಸುಂಕದ ಕಟ್ಟೆಯೆಂದರೆ ಲಾರಿಗಳು ದಿನಗಟ್ಟಲೆ ನಿಲ್ಲಬಹುದಾದ ಜಾಗ. 1984ರ ಫೆಬ್ರುವರಿಯಲ್ಲಿ ಆಲ್ಪ್ಸ್ ಪರ್ವತದ ಗಡಿಯಲ್ಲಿ ಸುಂಕದವರ ಮುಷ್ಕರದಿಂದ ಸಿಕ್ಕಿಬಿದ್ದ ಚಾಲಕರು ರೊಚ್ಚಿಗೆದ್ದು ಫ್ರಾನ್ಸಿನ ಹೆದ್ದಾರಿಗಳನ್ನೇ ಕಟ್ಟಿಹಾಕಿದರು. ಅದೇ ವರ್ಷ ಜುಲೈನಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಸಾರ್‌ಬ್ರೂಕನ್‌ನಲ್ಲಿ ಗಡಿ ತಪಾಸಣೆ ಸಡಿಲಿಸುವ ಒಪ್ಪಂದಕ್ಕೆ ಬರಲು, ಮುಂದೆ ಅದು ಷೆಂಗೆನ್ ಒಪ್ಪಂದಕ್ಕೆ ದಾರಿಯಾಗಲು ಆ ಚಾಲಕರ ಸಿಟ್ಟೂ ಕಾರಣ. ಗಡಿಯಿಲ್ಲದ ಯುರೋಪಿನ ಕಥೆಯನ್ನು ರಾಷ್ಟ್ರನಾಯಕರ ಹೆಸರಿನಲ್ಲಿ ಹೇಳುವವರು ಈ ಲಾರಿಯವರನ್ನು ಮರೆಯುವುದು ಅನ್ಯಾಯ. 1993ರ ಜನವರಿಯಲ್ಲಿ ಒಳಗಡಿಗಳ ಸುಂಕದ ಕಟ್ಟೆಗಳು ಎದ್ದುಹೋದ ಮೇಲೆಯೇ ಆ ಒಂದು ಗಂಟೆಯ ಷರತ್ತು ಪಾಲಿಸಲು ಆಗುವಂಥದ್ದಾಯಿತು. ಅದಕ್ಕೆ ಮೊದಲು, ತಪಾಸಣೆಯವನು ಮಧ್ಯರಾತ್ರಿಯಲ್ಲಿ ಕಾಗದ ಕೇಳಿ ಎಬ್ಬಿಸಿ ಕಾಯಿಸಿದರೆ ಚಾಲಕನ ವಿಶ್ರಾಂತಿ ಕೆಡುತ್ತಿತ್ತು, ದಂಡವನ್ನೂ ಅವನೇ ತೆರಬೇಕಾಗಬಹುದಿತ್ತು. ಎಬ್ಬಿಸಿದ್ದು ಸರ್ಕಾರ, ನಿಯಮ ಮುರಿದವನು ಚಾಲಕ.

ಇದಕ್ಕಿಂತ ಸೂಕ್ಷ್ಮವಾದ ತಿರುವು ಬಂದದ್ದು 2002ರಲ್ಲಿ. ಸಂಚಾರಿ ಕಾರ್ಮಿಕರ ದುಡಿಮೆಯ ಅವಧಿಯ ಬಗ್ಗೆ ಯುರೋಪ್ ಒಕ್ಕೂಟ ಆ ವರ್ಷ ಹೊರಡಿಸಿದ ನಿರ್ದೇಶನ ವಾರದ ದುಡಿಮೆಯನ್ನು ಸರಾಸರಿ 48 ಗಂಟೆಗೆ, ಯಾವುದೇ ಒಂದು ವಾರದಲ್ಲಿ 60 ಗಂಟೆಗೆ ಮಿತಿಗೊಳಿಸಿತು. ಅದರ ಜೊತೆಗೇ ದುಡಿಮೆಯೂ ಅಲ್ಲದ ವಿಶ್ರಾಂತಿಯೂ ಅಲ್ಲದ ಮೂರನೆಯ ಬಗೆಯ ಹೊತ್ತನ್ನು ಕಾನೂನಿನಲ್ಲಿ ಕೂರಿಸಿತು. ಚಾಲಕ ತನ್ನ ಜಾಗದಲ್ಲೇ ಇರಬೇಕಿಲ್ಲ, ಆದರೆ ಕರೆದರೆ ಸಿಗಬೇಕು. ಅಂಥ ಹೊತ್ತು ಎಷ್ಟು ಉದ್ದವೆಂದು ಅವನಿಗೆ ಮೊದಲೇ ತಿಳಿದಿರಬೇಕು. ಇದಕ್ಕೆ ಉದಾಹರಣೆಯಾಗಿ ನಿರ್ದೇಶನ ಹೆಸರಿಸಿದ್ದು ಫೆರಿಯಲ್ಲಿ ಅಥವಾ ರೈಲಿನಲ್ಲಿ ಲಾರಿಯ ಜೊತೆ ಸಾಗುವ ಹೊತ್ತನ್ನು, ಗಡಿಯಲ್ಲಿ ಕಾಯುವ ಹೊತ್ತನ್ನು. ಈ ಹೊತ್ತು 48 ಗಂಟೆಯ ಲೆಕ್ಕಕ್ಕೆ ಸೇರದು. ಜಿನೀವಾದಲ್ಲಿ 1939ರಲ್ಲಿ ಸುಮ್ಮನೆ ಹಾಜರಿರುವುದೂ ದುಡಿಮೆಯೇ ಎಂದು ಒಪ್ಪಿಕೊಂಡ ತತ್ವ ಇಲ್ಲಿ ತಲೆಕೆಳಗಾಯಿತು. ಅದನ್ನು ಸಮರ್ಥಿಸುವವರ ವಾದ ಹುರುಳಿಲ್ಲದ್ದಲ್ಲ. ಹಡಗಿನ ಊಟದ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕುಳಿತ ಚಾಲಕನನ್ನೂ ಮಳೆಯಲ್ಲಿ ಸರಕಿಗೆ ಹಗ್ಗ ಬಿಗಿಯುವ ಚಾಲಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಎರಡನೆಯವನಿಗೆ ನ್ಯಾಯವಾಗದು ಎಂಬುದು ಅವರ ಮಾತು. ಒಪ್ಪೋಣ. ಆದರೆ ಕಾಫಿ ಕುಡಿಯುವವನು ಮನೆಯಲ್ಲಿಲ್ಲ, ಎದ್ದು ಬೇರೆಲ್ಲಿಗಾದರೂ ಹೋಗುವ ಸ್ವಾತಂತ್ರ್ಯ ಅವನಿಗಿಲ್ಲ. ಮೂರನೆಯ ಪೆಟ್ಟಿಗೆಯೊಂದನ್ನು ಮಾಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಆ ಪೆಟ್ಟಿಗೆಗೆ ಹಾಕಿದ ಹೊತ್ತು ಮೈ ದಣಿಯುವ ಲೆಕ್ಕದಿಂದ ಮಾಯವಾಗುತ್ತದೆ ಎಂಬುದಷ್ಟೇ ನನ್ನ ತಕರಾರು. ಬರ್ತ್ ಸಿಕ್ಕಿದರೆ ಅದೇ ಹೊತ್ತು ವಿಶ್ರಾಂತಿಯ ಪೆಟ್ಟಿಗೆಗೆ ಹೋಗುತ್ತದೆ, ಸಿಗದಿದ್ದರೆ ಕಾಯುವ ಪೆಟ್ಟಿಗೆಗೆ. ಎರಡರ ನಡುವೆ ಇರುವುದು ಒಂದು ಹಾಸಿಗೆಯ ಅಂತರ.

ಈಗ ಜಾರಿಯಲ್ಲಿರುವ 561ನೇ ನಿಯಮ ಬಂದದ್ದು 2006ರಲ್ಲಿ, ಅನ್ವಯವಾದದ್ದು 2007ರ ಏಪ್ರಿಲ್‌ನಿಂದ. ಅದು ಫೆರಿಯ ವಿಧಿಯನ್ನು ಹೊಸದಾಗಿ ಬರೆಯಿತು. 11 ಗಂಟೆಯ ದೈನಿಕ ವಿಶ್ರಾಂತಿಯನ್ನು ಒಮ್ಮೆಯಲ್ಲ, ಎರಡು ಬಾರಿ ಮುರಿಯಬಹುದು. ಮುರಿದ ಹೊತ್ತು ಒಟ್ಟು ಸೇರಿ ಒಂದು ಗಂಟೆ ಮೀರಬಾರದು. ಬರ್ತಿನ ಷರತ್ತು ಉಳಿಯಿತು, ಎರಡು ಗಂಟೆಯ ಹೆಚ್ಚುವರಿ ಹೋಯಿತು. ಇದರಿಂದ ಪಾಳಿ ಹಾಕುವವರ ಮೇಜಿನ ಮೇಲೆ ಏನು ಬದಲಾಯಿತೆಂದು ನೋಡಲು ಒಂದು ಕಲ್ಪಿತ ರಾತ್ರಿಯನ್ನು ತೆಗೆದುಕೊಳ್ಳೋಣ. ನೆದರ್ಲೆಂಡ್ಸಿನ ಹುಕ್ ಆಫ್ ಹಾಲೆಂಡಿನಿಂದ ಇಂಗ್ಲೆಂಡಿನ ಹಾರ್ವಿಚ್‌ಗೆ ಹೋಗುವಂಥ ರಾತ್ರಿ ಹಡಗು. ಚಾಲಕ ಸಂಜೆ 6.30ಕ್ಕೆ ಬಂದರು ಸೇರಿ ಎಂಜಿನ್ ನಿಲ್ಲಿಸುತ್ತಾನೆ. ರಾತ್ರಿ 8.30ಕ್ಕೆ ಕರೆ ಬರುತ್ತದೆ, 20 ನಿಮಿಷದಲ್ಲಿ ಲಾರಿಯನ್ನು ಹಡಗಿನೊಳಗೆ ನಿಲ್ಲಿಸಿ ತನ್ನ ಕೋಣೆಗೆ ಹೋಗುತ್ತಾನೆ. ಬೆಳಗಿನ 5.50ರವರೆಗೆ ಅಲ್ಲಿ 9 ಗಂಟೆ. ನೆಲದ ಮೇಲಿನ ಎರಡು, ಹಡಗಿನ ಒಂಬತ್ತು, ಕೂಡಿದರೆ 11. ಹೊಸ ನಿಯಮದಲ್ಲಿ ವಿಶ್ರಾಂತಿ ಸಂಪೂರ್ಣ, ಹಡಗಿನಿಂದ ಇಳಿದ ಕೂಡಲೇ ದಿನದ ಓಟ ಶುರು. ಹಳೆಯ ನಿಯಮದಲ್ಲಾಗಿದ್ದರೆ ಮುರಿದ ವಿಶ್ರಾಂತಿ 13 ಗಂಟೆಯಾಗಬೇಕಿತ್ತು. ಎರಡನೇ ಬಾರಿ ಮುರಿಯುವಂತಿಲ್ಲವಾದ್ದರಿಂದ ಉಳಿದೆರಡು ಗಂಟೆಯನ್ನು ಇಳಿದ ಮೇಲೆ ಸೇರಿಸಲೂ ಬರುತ್ತಿರಲಿಲ್ಲ. ಒಂದೋ ಹಡಗು 7.50ರವರೆಗೆ ನಿಲ್ಲಬೇಕು, ಇಲ್ಲವೇ ಚಾಲಕ ಬಂದರಿಗೆ ಎರಡು ಗಂಟೆ ಮೊದಲೇ ಬರಬೇಕು. ಪ್ರತಿ ದಾಟುವಿಕೆಗೆ ಎರಡು ಗಂಟೆ ಉಳಿಯಿತೆಂದರೆ ವರ್ಷಕ್ಕೆ ನೂರು ಸಲ ದಾಟುವ ಲಾರಿಗೆ 200 ಗಂಟೆ ಓಟದ ಅನುಕೂಲ. ಆ ಅನುಕೂಲ ಹುಟ್ಟಿದ್ದು ಚಾಲಕನ ಮುರಿದ ನಿದ್ದೆಗೆ ಕಾನೂನು ಕೊಡುತ್ತಿದ್ದ ಪರಿಹಾರವನ್ನು ತೆಗೆದುಹಾಕಿದ್ದರಿಂದ.

ಇದಕ್ಕೆ ಬಲವಾದ ಮರುಮಾತಿದೆ, ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಹಳೆಯ ನಿಯಮದಲ್ಲಿ ದೈನಿಕ ವಿಶ್ರಾಂತಿಯನ್ನು ವಾರಕ್ಕೆ ಮೂರು ಸಲ 9 ಗಂಟೆಗೆ ಇಳಿಸಬಹುದಿತ್ತು. ಫೆರಿಯ ವಿನಾಯಿತಿ ಆ ಇಳಿಸಿದ ವಿಶ್ರಾಂತಿಗೂ ಸಿಗುವಂತಿತ್ತು. ಒಂಬತ್ತಕ್ಕೆ ಎರಡು ಸೇರಿದರೆ ಹನ್ನೊಂದೇ. ಹೊಸ ನಿಯಮ ಇಳಿಸಿದ ವಿಶ್ರಾಂತಿಗೆ ವಿನಾಯಿತಿಯನ್ನೇ ಕೊಡದೆ ಪೂರ್ತಿ 11 ಗಂಟೆ ಇದ್ದರೆ ಮಾತ್ರ ಮುರಿಯಲು ಬಿಡುತ್ತದೆ. ಹೀಗಾಗಿ ಅತಿ ಕಡಿಮೆ ಎಷ್ಟು ನಿದ್ದೆ ಸಿಗುತ್ತದೆ ಎಂಬ ಅಂಕಿ ಬದಲಾಗಲಿಲ್ಲ, ಲೆಕ್ಕ ಸರಳವಾಯಿತು ಅಷ್ಟೆ ಎಂದು ಸಮರ್ಥಕರು ಹೇಳಬಹುದು. ವಾರದ ಮೂರು ರಾತ್ರಿಗಳ ಮಟ್ಟಿಗೆ ಈ ಮಾತು ನಿಜ. ಉಳಿದ ರಾತ್ರಿಗಳಲ್ಲಿ ಹದಿಮೂರು ಹನ್ನೊಂದಾದದ್ದೂ ಅಷ್ಟೇ ನಿಜ. ಒಮ್ಮೆ ಎಬ್ಬಿಸುತ್ತಿದ್ದ ಜಾಗದಲ್ಲಿ ಎರಡು ಸಲ ಎಬ್ಬಿಸಬಹುದಾದದ್ದೂ ಮೈಗೆ ತಿಳಿಯುವ ಬದಲಾವಣೆ. ಇನ್ನೊಂದು ಆಕ್ಷೇಪ ಚಾಲಕರ ಕಡೆಯಿಂದಲೇ ಬರುವಂಥದ್ದು. ಈ ವಿನಾಯಿತಿ ಇಲ್ಲದಿದ್ದರೆ ಹಡಗಿಗೆ ಹತ್ತುವ ಹತ್ತು ನಿಮಿಷದ ಓಟಕ್ಕೇ ವಿಶ್ರಾಂತಿ ಕೆಟ್ಟು ಚಾಲಕ ಆಚೆ ದಡದ ಪಾರ್ಕಿಂಗ್ ಜಾಗದಲ್ಲಿ ಮತ್ತೆ 11 ಗಂಟೆ ಬಿದ್ದಿರಬೇಕಾಗುತ್ತದೆ, ಮನೆ ಸೇರುವುದು ಒಂದು ದಿನ ತಡವಾಗುತ್ತದೆ. ಇದು ಒಪ್ಪತಕ್ಕ ಮಾತು. ವಿನಾಯಿತಿ ಬೇಡವೆಂದು ನಾನೂ ಹೇಳುತ್ತಿಲ್ಲ. ಅದರಿಂದ ಹುಟ್ಟುವ ಲಾಭದಲ್ಲಿ ನಿದ್ದೆ ಕಳೆದುಕೊಂಡವನಿಗೂ ಪಾಲಿರಬೇಕು, 1985ರ ಆ ಎರಡು ಗಂಟೆಗಳು ಅವನ ಪಾಲಾಗಿದ್ದವು.

ಬರ್ತಿನ ಷರತ್ತು ಉಳಿದುಕೊಂಡದ್ದು ಸಣ್ಣ ಸಂಗತಿಯಲ್ಲ. ದೂರದ ಲಾರಿಗಳಲ್ಲಿ ಸೀಟಿನ ಹಿಂದೆಯೇ ಹಾಸಿಗೆ ಇರುತ್ತದೆ, ಅಲ್ಲೇ ಮಲಗಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಹಡಗಿನಲ್ಲಿ ಅದು ಜೀವಕ್ಕೆ ಅಪಾಯ. ವಾಹನ ನಿಲ್ಲಿಸುವ ಅಂತಸ್ತು ಉದ್ದಕ್ಕೂ ಗೋಡೆಯಿಲ್ಲದ ಬಯಲು. 1987ರ ಮಾರ್ಚ್ 6ರ ರಾತ್ರಿ ಬೆಲ್ಜಿಯಮ್ಮಿನ ಜೀಬ್ರುಗ್ ಬಂದರಿನಿಂದ ಮೂತಿಯ ಬಾಗಿಲು ಮುಚ್ಚದೆ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಹಡಗಿನ ಆ ಅಂತಸ್ತಿಗೆ ನೀರು ನುಗ್ಗಿ, ನಿಮಿಷಗಳಲ್ಲಿ ಹಡಗು ಮಗುಚಿ 193 ಜನ ಸತ್ತರು. 1994ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಎಸ್ಟೋನಿಯಾ ಹಡಗು ಮುಳುಗಿದಾಗ ಸತ್ತವರು 852. ಅಲ್ಲಿಯೂ ನೀರು ನುಗ್ಗಿದ್ದು ವಾಹನಗಳ ಅಂತಸ್ತಿಗೆ. ಹಡಗು ಹೊರಟ ಮೇಲೆ ಅಲ್ಲಿ ಯಾರೂ ಇರಕೂಡದೆಂಬ ನಿಯಮದ ಹಿಂದೆ ಇಂಥ ಕಾರಣಗಳಿವೆ. ಹಾಗಾಗಿ ಚಾಲಕನ ಸ್ವಂತ ಹಾಸಿಗೆ ಕೆಳಗೆ ಬೀಗದೊಳಗೆ ಉಳಿಯುತ್ತದೆ, ಮೇಲೆ ಅವನಿಗೊಂದು ಕೋಣೆ ಕೊಡುವ ಹೊಣೆ ಹಡಗಿನದಾಗುತ್ತದೆ, ಅದರ ಬೆಲೆ ಸಾಗಣೆಯ ದರದಲ್ಲಿ ಸೇರುತ್ತದೆ. ಡೋವರ್‌ನಿಂದ ಕ್ಯಾಲೆಗೆ ಒಂದೂವರೆ ಗಂಟೆಯಲ್ಲಿ ದಾಟುವ ಹಡಗುಗಳಲ್ಲಿ ಚಾಲಕರಿಗೆ ಸಿಗುವುದು ಊಟದ ಕೋಣೆ, ಬರ್ತ್ ಅಲ್ಲ. ಆ ಹೊತ್ತು ಬಿಡುವೆಂದು ಎಣಿಕೆಯಾಗಬಹುದು, ರಾತ್ರಿಯ ವಿಶ್ರಾಂತಿಯ ತುಂಡಾಗಲಾರದು. ಪುಟ್‌ಗಾರ್ಡನ್‌ನ 45 ನಿಮಿಷವೂ ಹತ್ತಿರ ಹೋಗಿ ನೋಡಿದರೆ ಅಷ್ಟಿರುವುದಿಲ್ಲ. ಲಾರಿ ನಿಲ್ಲಿಸಿ ಮೆಟ್ಟಿಲು ಹತ್ತುವುದು, ದಡ ಮುಟ್ಟುವ ಮೊದಲೇ ಇಳಿದು ಸೀಟಿಗೆ ಮರಳುವುದು, ಎರಡೂ ಅದರೊಳಗೇ ಆಗಬೇಕು. ಈಗ ಅಲ್ಲಿ ಸಮುದ್ರದ ತಳದಲ್ಲಿ 18 ಕಿಲೋಮೀಟರ್ ಸುರಂಗ ಸಿದ್ಧವಾಗುತ್ತಿದೆ. ಕಾರಿನವರಿಗೆ ಅದು ಹತ್ತು ನಿಮಿಷದ ದಾರಿ. ಚಾಲಕನಿಗೆ ಅರೆಬರೆಯಾಗಿಯಾದರೂ ಸಿಗುತ್ತಿದ್ದ ಬಿಡುವಿಗೆ ಆಗ ರಸ್ತೆ ಬದಿಯಲ್ಲಿ ಬೇರೆ ಜಾಗ ಬೇಕಾಗುತ್ತದೆ.

ಜಾಗವಿಲ್ಲದ ವಿಶ್ರಾಂತಿ ಹೇಗಿರುತ್ತದೆಂದು ಲೋಕಕ್ಕೆಲ್ಲ ಕಂಡದ್ದು 2020ರ ಡಿಸೆಂಬರ್‌ನಲ್ಲಿ. ಕೊರೊನಾದ ಹೊಸ ತಳಿಗೆ ಹೆದರಿ ಫ್ರಾನ್ಸ್ ಬ್ರಿಟನ್ನಿನಿಂದ ಬರುವ ದಾರಿಯನ್ನು ಎರಡು ದಿನ ಮುಚ್ಚಿತು. ಡೋವರ್ ಸುತ್ತಲಿನ ಕೆಂಟ್ ಜಿಲ್ಲೆಯ ಹೆದ್ದಾರಿಯಲ್ಲೂ ಮ್ಯಾನ್‌ಸ್ಟನ್ನಿನ ಹಳೆಯ ವಿಮಾನ ನಿಲ್ದಾಣದಲ್ಲೂ ಸಾವಿರಾರು ಲಾರಿಗಳು ಸಾಲುಗಟ್ಟಿದವು. ಶೌಚಾಲಯಗಳು ಸಾಲದೆ, ಬಿಸಿ ಊಟ ಸಿಗದೆ ಚಾಲಕರು ಕ್ಯಾಬಿನ್ನಿನಲ್ಲೇ ಕ್ರಿಸ್‌ಮಸ್ ಕಳೆದರು. ಇಂಗ್ಲೆಂಡಿನ ಸಿಖ್ಖರು ತಮ್ಮ ಲಂಗರಿನ, ಅಂದರೆ ಸಾಮೂಹಿಕ ದಾಸೋಹದ, ಅಡುಗೆಯನ್ನು ಬಂಡಿಗಳಲ್ಲಿ ತಂದು ಬಡಿಸಿದರು. ಯಂತ್ರದ ಲೆಕ್ಕದಲ್ಲಿ ನಿಂತ ಲಾರಿಯ ಎಷ್ಟೋ ಗಂಟೆಗಳು ಮಂಚದ ಚಿತ್ರದ ಕೆಳಗೆ ದಾಖಲಾಗಬಹುದಾದವು. ಅದೇ ವರ್ಷ ಆಗಸ್ಟ್‌ನಲ್ಲಿ ಜಾರಿಗೆ ಬಂದಿದ್ದ ಯುರೋಪಿನ ತಿದ್ದುಪಡಿ ಮಾತ್ರ ಜಾಗದ ಮಹತ್ವವನ್ನು ಇನ್ನಷ್ಟು ದೃಢಪಡಿಸಿತ್ತು. ವಾರದ ಪೂರ್ತಿ ವಿಶ್ರಾಂತಿಯನ್ನು ಕ್ಯಾಬಿನ್ನಿನಲ್ಲಿ ಕಳೆಯಕೂಡದೆಂದು 2017ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟಿದ್ದ ತೀರ್ಪನ್ನು ಅದು ನಿಯಮದ ಮಾತಾಗಿಸಿತು. ಫೆರಿಯಲ್ಲಿ ವಾರದ ಪೂರ್ತಿ ವಿಶ್ರಾಂತಿಯನ್ನೂ ಮುರಿದು ತೆಗೆದುಕೊಳ್ಳಲು ಬಿಟ್ಟಿತಾದರೂ, ಪ್ರಯಾಣ ಕನಿಷ್ಠ 8 ಗಂಟೆಯದಾಗಿರಬೇಕು, ಚಾಲಕನಿಗೆ ಮಲಗುವ ಕೋಣೆಯೇ ಸಿಗಬೇಕು ಎಂದು ಬಿಗಿಗೊಳಿಸಿತು. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದು ಅಲ್ಲಿನ ಸುಂಕದ ಕಟ್ಟೆಗಳು ಮತ್ತೆ ಎದ್ದ ಮೇಲೆ, 2021ರ ಜನವರಿಯ ಮೊದಲ ವಾರದಲ್ಲೇ ಐರ್ಲೆಂಡಿನ ರಾಸ್‌ಲೇರ್‌ನಿಂದ ಫ್ರಾನ್ಸಿನ ಡನ್‌ಕರ್ಕ್‌ಗೆ ನೇರ ಫೆರಿ ಹೊರಟಿತು. ಸುಮಾರು ಒಂದು ದಿನದ ಸಮುದ್ರಯಾನ. ಬ್ರಿಟನ್ನಿನ ನಡುವಿನ ರಸ್ತೆಗಿಂತ ಇದು ನಿಧಾನ, ದುಬಾರಿ. ಆದರೂ ಹಡಗು ತುಂಬಿತು, ಏಕೆಂದರೆ ಚಾಲಕ ಕೋಣೆಯಲ್ಲಿ ಮಲಗಿ ಎದ್ದರೆ ಅವನ ದೈನಿಕ ವಿಶ್ರಾಂತಿ ಪೂರ್ತಿಯಾಗಿ, ಡನ್‌ಕರ್ಕ್‌ನಲ್ಲಿ ಇಳಿದ ಲಾರಿ ಹೊಸ ದಿನದ ಪೂರ್ತಿ ಓಟಕ್ಕೆ ಸಿದ್ಧವಾಗಿರುತ್ತದೆ. ಕಾನೂನು ಹಾಸಿಗೆಯನ್ನು ಕಡ್ಡಾಯ ಮಾಡಿದ ಕಡೆ ವ್ಯಾಪಾರವೂ ಅದರ ಹಿಂದೆಯೇ ಬರುತ್ತದೆ ಎಂಬುದಕ್ಕೆ ಈ ದಾರಿಯೇ ಸಾಕ್ಷಿ. ಹಾಸಿಗೆ ಕೊಟ್ಟರೆ ಸಾಗಣೆ ದುಬಾರಿಯಾಗಿ ಲಾರಿ ಉದ್ಯಮವೇ ನೆಲಕಚ್ಚುತ್ತದೆ ಎಂಬ ಹಳೆಯ ಆಕ್ಷೇಪಕ್ಕೆ ನಾನು ಬೇರೆ ಉತ್ತರ ಹುಡುಕಬೇಕಾಗಿಲ್ಲ.

ಯುರೋಪಿನ ನಿಯಮ ಪ್ರತಿ ಸಲವೂ ಫೆರಿಯ ಜೊತೆಗೆ ರೈಲನ್ನೂ ಹೆಸರಿಸುತ್ತದೆ. ಆ ಒಂದು ಪದದ ಮೂಲಕ ಈ ಚರಿತ್ರೆ ನಮ್ಮ ಕರಾವಳಿಯನ್ನೂ ತಟ್ಟುತ್ತದೆ. ಕೊಂಕಣ ರೈಲ್ವೆ 1999ರಲ್ಲಿ ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ನಾಕ್ಕೆ ತುಂಬಿದ ಲಾರಿಗಳನ್ನೇ ರೈಲು ಬಂಡಿಗಳ ಮೇಲೆ ಹತ್ತಿಸಿ ಒಯ್ಯುವ ರೋ-ರೋ ಸೇವೆ ಶುರುಮಾಡಿತು. 2004ರಲ್ಲಿ ಅದು ಸುರತ್ಕಲ್‌ವರೆಗೆ ಬಂತು. ಘಟ್ಟದ ತಿರುವುಗಳು, ಮಳೆಗಾಲದ ಗುಂಡಿಗಳು, ಡೀಸೆಲ್, ಟಯರು ಎಲ್ಲದರ ಉಳಿತಾಯವೂ ಅದರಲ್ಲಿದೆ, ಒಳ್ಳೆಯ ಯೋಜನೆಯೇ. ಚಾಲಕ, ಕ್ಲೀನರ್ ಇಬ್ಬರೂ ತೆರೆದ ಬಂಡಿಯ ಮೇಲೆ ಬಿಗಿದು ನಿಲ್ಲಿಸಿದ ತಮ್ಮ ಲಾರಿಯ ಕ್ಯಾಬಿನ್ನಿನಲ್ಲೇ ಕುಳಿತು, ರಾತ್ರಿ ಕಳೆದು, ಸುಮಾರು ಒಂದು ದಿನದಲ್ಲಿ ಕೊಂಕಣದ ಸುರಂಗಗಳನ್ನು ದಾಟುತ್ತಾರೆ. ಆ ಒಂದು ದಿನ ಅವರ ದುಡಿಮೆಯೋ ವಿಶ್ರಾಂತಿಯೋ? 1961ರ ಕಾಯ್ದೆ ಮಾಲೀಕನ ಕರೆಗೆ ಸಿಗುವ ಹೊತ್ತೆಲ್ಲ ದುಡಿಮೆ ಎನ್ನುತ್ತಿತ್ತು, ನಿಲ್ದಾಣದ 15 ನಿಮಿಷದ ಮಾತನ್ನೂ ಆಡುತ್ತಿತ್ತು. ಆದರೆ ರೈಲಿನ ಮೇಲಿನ ಲಾರಿಯ ಹೆಸರನ್ನು, ಬರ್ತಿನ ಹೆಸರನ್ನು ಎತ್ತುತ್ತಿರಲಿಲ್ಲ. ಆ ಕಾಯ್ದೆಯೀಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ದೈನಿಕ ವಿಶ್ರಾಂತಿಯನ್ನು ಪಟ್ಟಿಗೆ ಬರೆಯುವ ಮುನ್ನ ಅದು ಎಲ್ಲಿ ಸಿಕ್ಕಿತೆಂದು ಕೇಳುವ ಒಂದು ಸಾಲು, 1985ರಲ್ಲಿ ಯುರೋಪಿನ ಫೆರಿಗೆಂದು ಬರೆದಂಥದ್ದು, ನಮ್ಮ ನಿಯಮಗಳಿಗೂ ಬೇಕು. ಸುರತ್ಕಲ್‌ನಲ್ಲಿ ಬೆಳಗಾಗಿ ಲಾರಿ ಬಂಡಿಯಿಂದ ಇಳಿದಾಗ ಮುಂದೆ ಮಂಗಳೂರಿನ ದಾರಿ ಹಿಡಿಯುವ ಚಾಲಕ ಎಷ್ಟು ಗಂಟೆ ಮಲಗಿದ್ದ ಎಂದು ಕೇಳಲು ಈಗ ಅಲ್ಲಿ ಯಾರಿಗೂ ಕಾನೂನಿನ ಆಧಾರವಿಲ್ಲ.